ಸಾಲ ತೀರಿದ ಮೇಲೆ ಬಂದ ಖಾಲಿತನ

ಪ್ರಶ್ನೆ: ನನಗೀಗ 54 ವರ್ಷ. ತಂದೆ ಬಿಟ್ಟುಹೋದ ಸಾಲವನ್ನು ಹೊತ್ತುಕೊಂಡೇ ದುಡಿಮೆಗೆ ಇಳಿದವನು ನಾನು. ಸಾಲ ತೀರಿಸಿದೆ, ತಮ್ಮ ತಂಗಿಯರನ್ನು ಓದಿಸಿದೆ, ಮನೆ ಕಟ್ಟಿದೆ, ಮಕ್ಕಳನ್ನು ದಡ ಸೇರಿಸಿದೆ. ಇನ್ನು ದುಡಿಯಬೇಕಾದ ಅಗತ್ಯವಿಲ್ಲವೆಂದು ಎರಡು ವರ್ಷಗಳ ಹಿಂದೆ ವ್ಯವಹಾರವನ್ನು ಬೇರೆಯವರಿಗೆ ವಹಿಸಿದೆ. ಮೊದಲ ಆರು ತಿಂಗಳು ಹಾಯಾಗಿತ್ತು. ಈಗ ಬೆಳಿಗ್ಗೆ ಹಾಸಿಗೆ ಬಿಟ್ಟೇಳಲು ಕಾರಣವೇ ಸಿಗುವುದಿಲ್ಲ. ಹೇಳಿಕೊಂಡರೆ ‘ಹೊಟ್ಟೆ ತುಂಬಿದವರ ಚಿಂತೆ’ ಎಂದು ನಗುತ್ತಾರೆ. ಹಣದಿಂದ ನೆಮ್ಮದಿ ಬರುವುದಿಲ್ಲ ಎಂಬ ಮಾತು ಕೊನೆಗೂ ನಿಜವೇ?
– ಹೆಸರು ಬೇಡವೆಂದಿರುವ ಓದುಗರು

ಉತ್ತರ: ನಗುವವರು ನಗಲಿ. ಆದರೆ ಹಣದಿಂದ ನೆಮ್ಮದಿ ಬರುವುದಿಲ್ಲ ಎಂಬ ತೀರ್ಮಾನಕ್ಕೆ ನೀವೂ ಅವಸರದಿಂದ ಬರಬೇಡಿ. ನಿಮ್ಮ ಪತ್ರದಲ್ಲೇ ಅದಕ್ಕೆ ವಿರುದ್ಧವಾದ ಸಾಕ್ಷ್ಯವಿದೆ. ಸಾಲ ಕೊಟ್ಟವರು ಯಾವ ಹೊತ್ತಿನಲ್ಲಿ ಬಾಗಿಲು ತಟ್ಟಿಯಾರೋ ಎಂಬ ಅಂಜಿಕೆಯಿಲ್ಲದೆ ಮಲಗುವ ರಾತ್ರಿಗಳನ್ನು ನಿಮಗೆ ತಂದುಕೊಟ್ಟದ್ದು ಹಣವೇ. ಹಣ ತನ್ನಿಂದಾಗುವ ಕೆಲಸವನ್ನು ಮಾಡಿ ಮುಗಿಸಿದೆ. ತನ್ನಿಂದಾಗದ ಇನ್ನೊಂದು ಕೆಲಸವನ್ನೂ ಅದೇ ಮಾಡೀತೆಂದು ನೀವು ಕಾದು ಕುಳಿತಿರುವಲ್ಲಿ ತೊಡಕಿದೆ.

ಮೂವತ್ತು ವರ್ಷ ನಿಮ್ಮ ಬದುಕಿಗೊಂದು ಗುರಿಯಿತ್ತು. ಅದನ್ನು ನೀವಾಗಿ ಆರಿಸಿಕೊಂಡದ್ದಲ್ಲ, ಕೊರತೆ ನಿಮ್ಮ ಮೇಲೆ ಹೇರಿದ್ದು. ಸಾಲ ತೀರಿಸಬೇಕು, ತಂಗಿಯ ಶುಲ್ಕ ಕಟ್ಟಬೇಕು, ಗೋಡೆ ಎಬ್ಬಿಸಬೇಕು ಎಂಬ ಒಂದೊಂದು ಒತ್ತಡವೂ ಬೆಳಗಾಗುವ ಮೊದಲೇ ನಿಮ್ಮನ್ನು ಎಬ್ಬಿಸುತ್ತಿದ್ದುದರಿಂದ, ಏಕೆ ಏಳಬೇಕು ಎಂದು ಕೇಳಿಕೊಳ್ಳುವ ಪ್ರಸಂಗವೇ ನಿಮಗೆ ಬಂದಿರಲಿಲ್ಲ. ಈಗ ಕೊರತೆ ನೀಗಿತು. ಅದರ ಜೊತೆಗೇ ಅದು ಕೊಟ್ಟಿದ್ದ ಗುರಿಯೂ ಹೋಯಿತು. ನೀವು ಕಳೆದುಕೊಂಡಿರುವುದು ಸುಖವನ್ನಲ್ಲ, ಯಾರಿಗೋ ಬೇಕಾದವನಾಗಿದ್ದೇನೆ ಎಂಬ ಅರಿವನ್ನು. ಇವೆರಡೂ ಹೊರನೋಟಕ್ಕೆ ಒಂದೇ ಬಗೆಯ ಬೇಸರದಂತೆ ಕಾಣುತ್ತವೆ, ಆದರೆ ಎರಡಕ್ಕೂ ಮದ್ದು ಒಂದೇ ಅಲ್ಲ.

ಈ ಸಂಗತಿಯನ್ನು ಬಹಳ ಸೂಕ್ಷ್ಮವಾಗಿ ತೋರಿಸಿದ ಹಳೆಯ ಅಧ್ಯಯನವೊಂದಿದೆ. ಆಸ್ಟ್ರಿಯಾ ದೇಶದ ವಿಯೆನ್ನಾ ನಗರಕ್ಕೆ ಸಮೀಪದ ಮಾರಿಯೆಂಥಾಲ್ ಎಂಬ ಊರಿನ ಜನ ಬಹುತೇಕ ಒಂದೇ ಬಟ್ಟೆ ಗಿರಣಿಯನ್ನು ನಂಬಿ ಬದುಕುತ್ತಿದ್ದರು. 1929-30ರ ಸುಮಾರಿಗೆ ಆ ಗಿರಣಿ ಮುಚ್ಚಿತು. ಮರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಝೈಸೆಲ್ ಅವರ ತಂಡ ಆ ಊರನ್ನು ಹೊಕ್ಕು, ಜನರು ದಿನ ಕಳೆಯುವ ಬಗೆಯನ್ನು ಅಳೆದು ನೋಡಿ, 1933ರಲ್ಲಿ ವರದಿ ಪ್ರಕಟಿಸಿತು. ಬಿಡುವು ಬೇಕಾದಷ್ಟಿತ್ತು. ಗ್ರಂಥಾಲಯದಲ್ಲಿ ಪುಸ್ತಕ ಪಡೆಯಲು ಕಟ್ಟಬೇಕಿದ್ದ ಶುಲ್ಕವನ್ನೂ ರದ್ದುಪಡಿಸಲಾಗಿತ್ತು. ಆದರೂ ಜನ ಒಯ್ಯುವ ಪುಸ್ತಕಗಳ ಸಂಖ್ಯೆ ಹೆಚ್ಚುವ ಬದಲು ಸುಮಾರು ಅರ್ಧಕ್ಕೆ ಇಳಿಯಿತು. ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಯಿತು. ಅಲ್ಲಲ್ಲಿ ನಿಂತು ನಿಂತು ಹೋಗುತ್ತಿದ್ದರು. ಹೆಂಗಸರು ಅವರಿಗಿಂತ ಬೇಗ ನಡೆಯುತ್ತಿದ್ದರು, ಏಕೆಂದರೆ ಮನೆಯಲ್ಲಿ ಅವರಿಗಾಗಿ ಕೆಲಸ ಕಾದಿತ್ತು. ನನ್ನ ಮಟ್ಟಿಗೆ ಇಡೀ ಅಧ್ಯಯನದಲ್ಲಿ ಮರೆಯಲಾಗದ ವಿವರ ಈ ನಡಿಗೆಯದು.

ಅಲ್ಲಿನವರಿಗೆ ಕೆಲಸದ ಜೊತೆಗೆ ಹಣವೂ ಇರಲಿಲ್ಲ, ನಿಮಗೆ ಹಣವಿದೆ ಎಂದು ನೀವು ಆಕ್ಷೇಪಿಸಬಹುದು, ಅದು ಸರಿಯಾದ ಆಕ್ಷೇಪವೇ. ಯಹೋಡಾ ಅವರು ಮುಂದೆ ಇದನ್ನೇ ಬಿಡಿಸಿ ನೋಡಿದರು. ದುಡಿಮೆಯಿಂದ ಸಂಬಳವಷ್ಟೇ ಬರುವುದಿಲ್ಲ. ದಿನಚರಿಗೊಂದು ಕ್ರಮ, ಮನೆಯಾಚೆಯ ಜನರ ಒಡನಾಟ, ಹಲವರು ಕೂಡಿ ಸಾಧಿಸಬೇಕಾದ ಉದ್ದೇಶ, ಸಮಾಜದಲ್ಲೊಂದು ಗುರುತು, ಸುಮ್ಮನೆ ಕೂರಗೊಡದ ಚಟುವಟಿಕೆ, ಈ ಐದೂ ನಮಗೆ ಅರಿವಿಲ್ಲದಂತೆಯೇ ಅದರ ಜೊತೆ ಬರುತ್ತವೆ ಎಂಬುದು ಅವರ ವಾದ. ನೀವು ವ್ಯವಹಾರವನ್ನು ವಹಿಸಿಕೊಟ್ಟ ದಿನ ಆದಾಯವನ್ನು ಉಳಿಸಿಕೊಂಡಿರಿ, ಈ ಐದನ್ನು ಮಾತ್ರ ಲೆಕ್ಕಕ್ಕೆ ಹಿಡಿಯದೆ ಒಟ್ಟಿಗೆ ಬಿಟ್ಟುಕೊಟ್ಟಿರಿ.

ಸುಖ ಬೇರೆ, ಸಾರ್ಥಕತೆ ಬೇರೆ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು 397 ವಯಸ್ಕರನ್ನು ಪ್ರಶ್ನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇಕಾದ್ದನ್ನು ಕೊಳ್ಳುವಷ್ಟು ಹಣವಿರುವುದಕ್ಕೂ ಸುಖಕ್ಕೂ ನಂಟಿದೆ, ಸಾರ್ಥಕತೆಗೂ ಅದಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲ. ಅದಕ್ಕಿಂತ ಅಚ್ಚರಿಯೆಂದರೆ, ಚಿಂತೆ ಮತ್ತು ಒತ್ತಡ ಹೆಚ್ಚಿದ್ದವರಲ್ಲಿ ಸುಖ ಕಡಿಮೆಯಿತ್ತು, ಬದುಕಿಗೆ ಅರ್ಥವಿದೆ ಎಂಬ ಭಾವ ಹೆಚ್ಚಿತ್ತು. ಕೊಡುವವರಲ್ಲಿ ಅರ್ಥ, ಪಡೆಯುವವರಲ್ಲಿ ಸುಖ ಹೆಚ್ಚು ಎಂದೂ ಅವರು ಕಂಡರು. ಇವೆಲ್ಲ ಒಟ್ಟೊಟ್ಟಿಗೆ ಕಾಣುವ ಸಂಗತಿಗಳೇ ಹೊರತು ಒಂದರಿಂದಲೇ ಇನ್ನೊಂದು ಹುಟ್ಟಿತೆಂದು ಅದರಿಂದ ಸಾಧಿಸಲಾಗದು. ಆದರೂ ನಿಮ್ಮ ಆ ಮೂವತ್ತು ವರ್ಷಗಳು ಕಷ್ಟದವಾಗಿಯೂ ಏಕೆ ಪೊಳ್ಳೆನಿಸಲಿಲ್ಲ ಎಂಬುದಕ್ಕೆ ಇಲ್ಲೊಂದು ಸುಳಿವಿದೆ.

ಹಾಗಾದರೆ ಮಾಡುವುದೇನು? ಪ್ರವಾಸ ಹೋಗಿ, ಹವ್ಯಾಸ ಬೆಳೆಸಿಕೊಳ್ಳಿ ಎಂದು ನಾನು ಹೇಳಲಾರೆ. ಅವು ಸುಖದ ಖಾತೆಗೆ ಸೇರುವಂಥವು, ಆ ಖಾತೆಯಲ್ಲಿ ನಿಮಗೆ ಕೊರತೆಯಿಲ್ಲ. ದೇಣಿಗೆ ಕೊಡುವುದು ಒಳ್ಳೆಯದೇ ಆದರೂ ಚೆಕ್ ಬರೆದುಕೊಟ್ಟು ಬಂದವನಿಗಾಗಿ ಮರುದಿನ ಯಾರೂ ಕಾಯುತ್ತಿರುವುದಿಲ್ಲ. ನೀವು ಹೋಗದಿದ್ದರೆ ಒಂದು ಕೆಲಸ ನಿಂತುಹೋಗುತ್ತದೆ, ಒಬ್ಬರಾದರೂ ‘ಇವತ್ತೇಕೆ ಬರಲಿಲ್ಲ’ ಎಂದು ಕೇಳುತ್ತಾರೆ ಎಂಬಂಥ ಜಾಗವೊಂದನ್ನು ವಾರದಲ್ಲಿ ಎರಡು ಮೂರು ದಿನಗಳಿಗಾದರೂ ಹುಡುಕಿಕೊಳ್ಳಿ. ಸಾಲದ ಸುಳಿಯಿಂದ ಲೆಕ್ಕಾಚಾರವಾಗಿ ಹೊರಬಂದವರು ನೀವು. ಈ ಹೊತ್ತಿನಲ್ಲಿ ಅದೇ ಸುಳಿಯಲ್ಲಿರುವ ಚಿಕ್ಕ ವ್ಯಾಪಾರಿಗಳಿಗೆ ನಿಮ್ಮ ಹಣಕ್ಕಿಂತ ಆ ಲೆಕ್ಕದ ತಿಳಿವಳಿಕೆ ಹೆಚ್ಚು ಬೇಕಾಗಿರಬಹುದು. ಅವರ ಪಕ್ಕ ಕುಳಿತು ಲೆಕ್ಕದ ಪುಸ್ತಕ ತೆರೆಯಿರಿ. ಮೊದಮೊದಲು ಇದು ಒಪ್ಪಿತವೆನಿಸದೆ ಹೋಗಬಹುದು, ಹಳೆಯ ಗುರಿಯೂ ನಿಮಗೆ ಮೊದಲ ದಿನವೇನೂ ಇಷ್ಟವಾಗಿರಲಿಲ್ಲವಲ್ಲ.

ಇನ್ನೊಂದು ಮಾತು. ಬೆಳಿಗ್ಗೆ ಏಳಲಾಗದಿರುವುದರ ಜೊತೆಗೆ ನಿದ್ರೆ ಕೆಟ್ಟಿದ್ದರೆ, ಊಟ ರುಚಿಸದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದೆ ಎರಡು ವಾರಗಳಿಗೂ ಮೀರಿ ಹೀಗೇ ನಡೆದಿದ್ದರೆ, ಅದು ಖಿನ್ನತೆಯಿರಬಹುದು. ಅದಕ್ಕೆ ಚಿಕಿತ್ಸೆಯಿದೆ, ಅಂಕಣಕಾರರಿಗೆ ಬರೆಯುವ ಮೊದಲು ವೈದ್ಯರನ್ನು ಕಾಣಬೇಕು.

ಪ್ರಶ್ನೆ: ನನಗೆ 26 ವರ್ಷ, ಈಗಷ್ಟೇ ದುಡಿಯಲು ತೊಡಗಿದ್ದೇನೆ. ಒಂದು ಮಿತಿಯ ನಂತರ ಆದಾಯ ಹೆಚ್ಚಿದರೂ ಸುಖ ಹೆಚ್ಚುವುದಿಲ್ಲ ಎಂದು ಓದಿದ್ದೇನೆ. ಆ ಮಿತಿ ಗೊತ್ತಾದರೆ ಅಷ್ಟಕ್ಕೇ ನಿಲ್ಲಿಸಬಹುದಲ್ಲವೇ?

ಉತ್ತರ: ನೀವು ಓದಿದ್ದು ಬಹುಶಃ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ ಅವರ 2010ರ ಅಧ್ಯಯನದ ಬಗ್ಗೆ ಇರಬೇಕು. ಅಮೆರಿಕದ ನಿವಾಸಿಗಳು ಕೊಟ್ಟ 4,50,000ಕ್ಕೂ ಹೆಚ್ಚು ಉತ್ತರಗಳನ್ನು ಪರಿಶೀಲಿಸಿ, ಕುಟುಂಬದ ವಾರ್ಷಿಕ ಆದಾಯ ಸುಮಾರು 75,000 ಡಾಲರ್ ಮುಟ್ಟಿದ ಮೇಲೆ ದಿನನಿತ್ಯದ ನಗು, ಬೇಸರಗಳ ಮಟ್ಟಿಗೆ ಹೆಚ್ಚಿನ ಸುಧಾರಣೆ ಕಾಣುವುದಿಲ್ಲ ಎಂದು ಅವರು ಬರೆದರು. ಅದೇ ಅಧ್ಯಯನದ ಇನ್ನರ್ಧವನ್ನು ಮಾತ್ರ ಯಾರೂ ಅಷ್ಟಾಗಿ ಉದ್ಧರಿಸುವುದಿಲ್ಲ. ನಿಮ್ಮ ಬದುಕಿಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂಕ ಕೊಡುವಿರಿ ಎಂದು ಕೇಳಿದಾಗ ಬಂದ ಉತ್ತರ ಆ ಮಿತಿಯಾಚೆಗೂ ಆದಾಯದೊಂದಿಗೆ ಏರುತ್ತಲೇ ಇತ್ತು. ‘ನಿನ್ನೆ ಹೇಗಿದ್ದಿರಿ’ ಎಂಬುದೂ ‘ಬದುಕು ಹೇಗಿದೆ’ ಎಂಬುದೂ ಒಂದೇ ಪ್ರಶ್ನೆಯಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಅಮೆರಿಕದ 33,391 ಉದ್ಯೋಗಸ್ಥರನ್ನು ಫೋನಿನ ಮೂಲಕ ಆಗಾಗ್ಗೆ ‘ಈ ಕ್ಷಣ ಹೇಗನಿಸುತ್ತಿದೆ’ ಎಂದು ಕೇಳಿ, ಅಂಥ ಯಾವ ಮಿತಿಯೂ ಕಾಣಲಿಲ್ಲವೆಂದು 2021ರಲ್ಲಿ ಪ್ರಕಟಿಸಿದರು. ಬಳಿಕ ನಡೆದದ್ದು ವಿದ್ವಾಂಸರ ಜಗಳಗಳಲ್ಲಿ ಅಪರೂಪ: ಬಾರ್ಬರಾ ಮೆಲರ್ಸ್ ಅವರನ್ನು ಮಧ್ಯಸ್ಥರನ್ನಾಗಿಸಿಕೊಂಡು, ಭಿನ್ನ ಮತದ ಕಾನೆಮನ್ ಮತ್ತು ಕಿಲಿಂಗ್ಸ್‌ವರ್ತ್ ಇಬ್ಬರೂ ಒಂದೇ ಅಂಕಿಅಂಶಗಳ ಮುಂದೆ ಕುಳಿತರು. 2023ರಲ್ಲಿ ಮೂವರೂ ಸೇರಿ ಬರೆದಂತೆ, ಬಹುಪಾಲು ಜನರಲ್ಲಿ ಸುಖ ಆದಾಯದ ಜೊತೆ ಏರುತ್ತಲೇ ಹೋಗುತ್ತದೆ. ಆದರೆ ಎಲ್ಲರಿಗಿಂತ ಹೆಚ್ಚು ದುಃಖದಲ್ಲಿರುವ ಶೇ 15ರಿಂದ 20ರಷ್ಟು ಮಂದಿಯಲ್ಲಿ ವರ್ಷಕ್ಕೆ ಸುಮಾರು 1,00,000 ಡಾಲರ್‌ವರೆಗೆ ಏರಿ, ಆಮೇಲೆ ನಿಲ್ಲುತ್ತದೆ. ಬಡತನದಿಂದ ಬರುವ ದುಃಖವನ್ನು ಹಣ ನೀಗಿಸಬಲ್ಲದು; ಅಗಲಿಕೆಗೋ ಒಂಟಿತನಕ್ಕೋ ಹಣದ ಮದ್ದು ನಾಟುವುದಿಲ್ಲ ಎಂದು ನಾನದನ್ನು ಅರ್ಥ ಮಾಡಿಕೊಂಡಿದ್ದೇನೆ.

ಏರುತ್ತದೆ ಎಂದ ಮಾತ್ರಕ್ಕೆ ಹಿಗ್ಗಬೇಡಿ. ಇಲ್ಲಿ ಲೆಕ್ಕಕ್ಕೆ ಬರುವುದು ಆದಾಯ ಎಷ್ಟು ಪಟ್ಟು ಹೆಚ್ಚಿತೆಂಬುದು. ಇಪ್ಪತ್ತು ಸಾವಿರ ಡಾಲರ್ ನಲವತ್ತಾದಾಗ ಸಿಗುವಷ್ಟೇ ಹಿತ ಇನ್ನೊಮ್ಮೆ ಸಿಗಬೇಕಾದರೆ ನಲವತ್ತು ಎಂಬತ್ತಾಗಬೇಕು, ಮತ್ತೊಮ್ಮೆಗೆ ನೂರ ಅರವತ್ತು. ಮೆಟ್ಟಿಲು ಅಷ್ಟೇ ಎತ್ತರದ್ದು, ಅದನ್ನು ಕಟ್ಟುವ ಖರ್ಚು ಪ್ರತಿ ಸಲ ಇಮ್ಮಡಿ. ಆದ್ದರಿಂದ ನಿಲ್ಲಬೇಕಾದ ಗೆರೆಯನ್ನು ಅಂಕಿಅಂಶಗಳಲ್ಲಿ ಹುಡುಕುವುದಕ್ಕಿಂತ, ಮುಂದಿನ ಮೆಟ್ಟಿಲಿಗಾಗಿ ಯಾವ ನಿದ್ರೆಯನ್ನು, ಯಾವ ಗೆಳೆತನವನ್ನು, ಯಾವ ಕೆಲಸವನ್ನು ತೆರಬೇಕಾಗುತ್ತದೆ ಎಂದು ಆಯಾ ಹೊತ್ತಿನಲ್ಲಿ ಕೇಳಿಕೊಳ್ಳುವುದು ಮೇಲು. 26ರಲ್ಲಿ ಮಾತ್ರ, ಸಾಲವಿಲ್ಲದೆ ಆರು ತಿಂಗಳು ಬದುಕುವಷ್ಟು ಉಳಿತಾಯವಾಗುವ ತನಕ, ಈ ಚಿಂತೆಯನ್ನು ಬದಿಗಿಟ್ಟು ದುಡಿಯಿರಿ.

ಪ್ರಶ್ನೆ: ಹಣವಿಲ್ಲದವರೇ ನಿಜವಾದ ಸುಖಿಗಳು ಎನ್ನುತ್ತಾರಲ್ಲ?

ಉತ್ತರ: ಹಾಗೆನ್ನುವವರು ಸಾಮಾನ್ಯವಾಗಿ ಹಣವುಳ್ಳವರು. ಶಿಗೆಹಿರೊ ಓಯಿಶಿ ಮತ್ತು ಎಡ್ ಡೀನರ್ 132 ದೇಶಗಳ ಸಮೀಕ್ಷೆಯನ್ನು ಆಧರಿಸಿ 2014ರಲ್ಲಿ ಬರೆದಂತೆ, ಬದುಕಿನ ಬಗೆಗಿನ ತೃಪ್ತಿ ಶ್ರೀಮಂತ ದೇಶಗಳಲ್ಲೇ ಹೆಚ್ಚು. ಬದುಕಿಗೊಂದು ಉದ್ದೇಶವಿದೆ ಎನ್ನುವವರ ಪ್ರಮಾಣ ಮಾತ್ರ ಬಡ ದೇಶಗಳಲ್ಲಿ ಹೆಚ್ಚಿತ್ತು. ಅಲ್ಲಿ ಧರ್ಮಶ್ರದ್ಧೆ ಗಟ್ಟಿಯಾಗಿರುವುದು ಇದಕ್ಕೊಂದು ಮುಖ್ಯ ಕಾರಣವೆಂದು ಅವರು ಗುರುತಿಸಿದರು. ಉದ್ದೇಶವಿದೆ ಎಂದವರನ್ನು ಸುಖಿಗಳೆಂದು ಕರೆದು, ಅವರ ಹಸಿವಿನ ಹೊಣೆಯಿಂದ ನುಣುಚಿಕೊಳ್ಳುವುದು ನ್ಯಾಯವಲ್ಲ.

ಪ್ರಶ್ನೆ: ದಿನವಿಡೀ ದಾಖಲೆಗಳನ್ನು ತಾಳೆ ನೋಡುವ ಕೆಲಸ ನನ್ನದು. ಸಂಬಳ ಚೆನ್ನಾಗಿದೆ, ಬಿಡುವ ಸ್ಥಿತಿಯಲ್ಲಿ ನಾನಿಲ್ಲ. ಇಂಥ ಕೆಲಸದಲ್ಲಿ ಸಾರ್ಥಕತೆಯನ್ನು ಎಲ್ಲಿ ಹುಡುಕಲಿ?

ಉತ್ತರ: ಆ ದಾಖಲೆಯ ಇನ್ನೊಂದು ತುದಿಯಲ್ಲಿ. ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕಾಗಿ ಫೋನಿನಲ್ಲಿ ದೇಣಿಗೆ ಕೇಳುವ ನೌಕರರ ಮೇಲೆ ಆಡಮ್ ಗ್ರಾಂಟ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರಿಗೆ, ಅವರು ಕೂಡಿಸಿದ ಹಣದಿಂದ ವಿದ್ಯಾರ್ಥಿವೇತನ ಪಡೆದ ವಿದ್ಯಾರ್ಥಿಯೊಬ್ಬರನ್ನು ಕೆಲವೇ ನಿಮಿಷ ಭೇಟಿ ಮಾಡಿಸಲಾಯಿತು. ತಿಂಗಳ ನಂತರ ನೋಡಿದರೆ ಆ ಗುಂಪಿನವರು ಫೋನಿನಲ್ಲಿ ಕಳೆಯುವ ಹೊತ್ತು ಎರಡು ಪಟ್ಟನ್ನೂ ಮೀರಿತ್ತು, ಸಂಗ್ರಹವಾದ ಹಣ ಎರಡೂವರೆ ಪಟ್ಟನ್ನೂ ಮೀರಿತ್ತು. ಸಂಬಳ ಹೆಚ್ಚಿರಲಿಲ್ಲ, ಕೆಲಸವೂ ಬದಲಾಗಿರಲಿಲ್ಲ. ಇದರಿಂದ ಲಾಭವಾದದ್ದು ಸಂಸ್ಥೆಗೇ ಎಂದು ನೀವು ಅನುಮಾನಿಸಿದರೆ ತಪ್ಪೇನಿಲ್ಲ. ಸಾರ್ಥಕತೆಯ ಆಸೆ ತೋರಿಸಿ ಸಂಬಳ ಕಡಿಮೆ ಕೊಡುವವರೂ ಇದ್ದಾರೆ. ಆದರೂ ನಿಮ್ಮ ಮಟ್ಟಿಗೆ ಮುಂದಿನ ವಾರ ಒಂದು ಕೆಲಸ ಮಾಡಿ ನೋಡಿ. ನೀವು ಹಿಡಿದ ಒಂದು ತಪ್ಪಿನ ಜಾಡು ಹಿಡಿದು, ಅದು ಉಳಿದುಬಿಟ್ಟಿದ್ದರೆ ಯಾರ ಹಣ, ಯಾರ ಅರ್ಜಿ ಸಿಕ್ಕಿಬೀಳುತ್ತಿತ್ತು ಎಂದು ವಿಚಾರಿಸಿ. ಯಾರಿಗೂ ಏನೂ ಆಗುತ್ತಿರಲಿಲ್ಲವೆಂದು ಗೊತ್ತಾದರೆ, ಆಗ ಬೇರೆ ಕೆಲಸ ಹುಡುಕುವ ಮಾತು. ಅದೂ ಈಗಿನ ಸಂಬಳ ನಿಲ್ಲದ ಹಾಗೆ.