ಕೊಕ್ಕರೆಯ ಕಾಲು, ಬಾತುಕೋಳಿಯ ಕೊಕ್ಕು

ಪ್ರಶ್ನೆ: ಮೇಷ್ಟ್ರೇ, ಮಾಗಡಿ ಕೆರೆಗೆ ಹೆಬ್ಬಾತು ನೋಡಲು ಹೋಗಿದ್ದೆವು. ಮಗ ತನ್ನ ಪುಸ್ತಕದಲ್ಲಿ ಪ್ರೆಸ್ಬಿಯಾರ್ನಿಸ್ ಎಂಬ ಪುರಾತನ ಹಕ್ಕಿಯ ಚಿತ್ರ ತೋರಿಸಿದ. ಕಾಲು ಕೊಕ್ಕರೆಯದು, ಕೊಕ್ಕು ಬಾತುಕೋಳಿಯದು! ಇಂಥದ್ದು ನಿಜಕ್ಕೂ ಇತ್ತೇ?
– ಓದುಗರೊಬ್ಬರು, ಗದಗ

ಉತ್ತರ: ಇತ್ತು. ನನಗೆ ಬಹಳ ಅಚ್ಚುಮೆಚ್ಚಿನ ಹಕ್ಕಿ ಅದು. ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದಾಗ ಬೋರ್ಡಿನ ಮೇಲೆ ಅದರ ಕಾಲನ್ನಷ್ಟೇ ಬರೆದು, ‘ಯಾವ ಹಕ್ಕಿ ಹೇಳಿ’ ಅನ್ನುತ್ತಿದ್ದೆ. ಇಡೀ ತರಗತಿ ‘ಕೊಕ್ಕರೆ’ ಎಂದು ಕೂಗುತ್ತಿತ್ತು. ಮಕ್ಕಳ ತಪ್ಪಲ್ಲ, ಪಂಡಿತರನ್ನೂ ಆ ಕಾಲು ದಾರಿ ತಪ್ಪಿಸಿತ್ತು.

ಅಮೆರಿಕದ ಯೂಟಾದಲ್ಲಿ ಸಿಕ್ಕ ಮೂಳೆಗಳನ್ನು ನೋಡಿ 1926ರಲ್ಲಿ ಪಕ್ಷಿತಜ್ಞ ಅಲೆಕ್ಸಾಂಡರ್ ವೆಟ್ಮೋರ್ ಇದಕ್ಕೆ ಹೆಸರಿಟ್ಟರು. ಗ್ರೀಕಿನಲ್ಲಿ ‘ಮುದಿ ಹಕ್ಕಿ’ ಎಂದರ್ಥ. ಕೆಸರಲ್ಲಿ ಕಾಲೂರಿ ನಡೆಯುವ ಮೆಟ್ಟುಗಾಲು ಹಕ್ಕಿಗಳ ಬಳಗಕ್ಕೆ ಹತ್ತಿರ ಎಂದುಕೊಂಡರು. ಆಮೇಲೆ ವಯೋಮಿಂಗ್‌ನಲ್ಲಿ ಹಳೆಯ ಸರೋವರವೊಂದರ ದಡದ ಬಂಡೆಗಳಲ್ಲಿ ಮೂಳೆಗಳು ರಾಶಿರಾಶಿಯಾಗಿ ಸಿಕ್ಕವು, ಜೊತೆಗೆ ಮೊಟ್ಟೆಯ ಚಿಪ್ಪೂ ಇತ್ತು. ಸುಮಾರು ಐದು ಕೋಟಿ ವರ್ಷದ ಹಿಂದೆ ಅಲ್ಲಿ ಹಕ್ಕಿಗಳು ಗುಂಪುಗೂಡಿ ಗೂಡು ಕಟ್ಟುತ್ತಿದ್ದವು. ಉದ್ದ ಕಾಲು, ಉದ್ದ ಕತ್ತು ಕಂಡು ಆಗ ಪಂಡಿತರು ರಾಜಹಂಸದ (ಫ್ಲೆಮಿಂಗೊ) ನಂಟು ಹೇಳಿದರು.

ಗುಟ್ಟು ಇದ್ದದ್ದು ತಲೆಯಲ್ಲಿ. ರಾಜಹಂಸದ ಕೊಕ್ಕು ನಡುವೆ ಮಡಚಿದಂತೆ ಬಾಗಿರುತ್ತದೆ, ತಲೆ ಕೆಳಗು ಮಾಡಿ ತಿನ್ನುತ್ತದೆ. ಇದರದೋ ಅಗಲ, ಚಪ್ಪಟೆ, ಬಾತಿನದೇ ಪಡಿಯಚ್ಚು. 1980ರಲ್ಲಿ ಸ್ಟಾರ್ಸ್ ಓಲ್ಸನ್ ಮತ್ತು ಅಲನ್ ಫೆಡೂಚಿಯಾ ಇದನ್ನು ಬಾತು-ಹಂಸಗಳ ಗಣಕ್ಕೇ ಸೇರಿಸಿದರು. ಕಾಲಿನ ಉದ್ದವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆಳವಿಲ್ಲದ ನೀರಲ್ಲಿ ನಡೆದು ಬದುಕಬೇಕಾದರೆ ಯಾವ ಕುಲದ ಹಕ್ಕಿಗಾದರೂ ಕಾಲು ಉದ್ದವಾದೀತು.

ನಿಮ್ಮ ಮಗನಿಗೆ ಇದೊಂದನ್ನು ತಪ್ಪದೆ ಹೇಳಿ. ಯೂಟಾದ ಕಲ್ಲುಗಳಲ್ಲಿ ಇಂಥ ಹಕ್ಕಿಯವೇ ಎನ್ನಲಾದ ಜಾಲಪಾದದ ಹೆಜ್ಜೆಗಳಿವೆ. ಅವುಗಳ ಪಕ್ಕದಲ್ಲೇ ಕೊಕ್ಕಿನಿಂದ ಕೆಸರು ಕೆದಕುತ್ತಾ ಹೋದ ಅಂಕುಡೊಂಕು ಗುರುತು! ಹೆಬ್ಬಾತುಗಳು ಹೆಚ್ಚಾಗಿ ಹೊಲಗದ್ದೆಯಲ್ಲಿ ಮೇಯುತ್ತವೆ, ಅವನ್ನು ಬಿಡಿ. ಅಗಲ ಕೊಕ್ಕಿನ ಸಣ್ಣ ಬಾತುಗಳು ಕೆರೆಯಂಚಿನಿಂದ ಎದ್ದು ಹೋದ ಮೇಲೆ, ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಆ ಹಸಿ ಕೆಸರನ್ನು ನೋಡಿ.