ಹತ್ತು ಜನರ ಸೆಕ್ಷನ್ ತಯಾರಾಗುವುದು ಹೇಗೆ?

ಈ ಸಲದ ಪತ್ರಗಳಲ್ಲಿ ಸೈನ್ಯದ ಬಗ್ಗೆಯೇ ಜಾಸ್ತಿ ಪ್ರಶ್ನೆ ಇದ್ದವು. ಪದಾತಿ ದಳದಲ್ಲಿ ಇದ್ದವನಾದ್ದರಿಂದ ನನಗೆ ಖುಷಿಯಾಯಿತು. ಎಲ್ಲದಕ್ಕೂ ಇಲ್ಲಿ ಜಾಗ ಇಲ್ಲ, ನಾಲ್ಕನ್ನು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸಾಹೇಬ್ರೇ, ನಾನು ಲ್ಯಾನ್ಸ್ ನಾಯಕ್, ರಜೆಯಲ್ಲಿ ಊರಿಗೆ ಬಂದಿದ್ದೇನೆ. ವಾಪಸ್ ಹೋದ ಮೇಲೆ ಸೆಕ್ಷನ್‌ನಲ್ಲಿ ಹವಾಲ್ದಾರರ ನಂತರದ ಜವಾಬ್ದಾರಿ ನನ್ನದು. ಸ್ವಲ್ಪ ಸಮಯದಲ್ಲಿ ಗಡಿಗೆ ಹೋಗಬೇಕು. ನಿನ್ನೆವರೆಗೆ ಒಟ್ಟಿಗೆ ನಗಾಡಿದವರಿಗೆ ಈಗ ಹುಕುಂ ಕೊಡುವುದು ಹೇಗೆ? ಜೋರು ಮಾಡಿದರೆ ಮುನಿಸು, ಸುಮ್ಮನಿದ್ದರೆ ಯಾರೂ ಕೇಳುವುದಿಲ್ಲ. (ಓದುಗರು, ಕುಂದಾಪುರ)

ಉತ್ತರ: ತಮ್ಮಾ, ಮೊದಲು ಒಂದು ಮಾತು. ನಿನ್ನ ಪಲ್ಟನ್ ಯಾವುದು, ಯಾವ ತಿಂಗಳು ಎಲ್ಲಿಗೆ ಹೋಗುತ್ತೀರಿ ಅಂತೆಲ್ಲ ಬರೆದಿದ್ದೆ. ಅದನ್ನು ತೆಗೆದು ಹಾಕಿದ್ದೇನೆ. ಪತ್ರದಲ್ಲಾಗಲಿ ವಾಟ್ಸಾಪ್‌ನಲ್ಲಾಗಲಿ ಇನ್ನು ಯಾರಿಗೂ ಬರೆಯಬೇಡ. ನಿನ್ನ ಹುಡುಗರಿಗೂ ಇದನ್ನೇ ಮೊದಲು ಹೇಳು.

ಈಗ ಹುಕುಂ ವಿಷಯ. ಹೇಳಿದ್ದನ್ನು ನೀನು ಮಾಡುತ್ತೀಯಾ ಅಂತ ಹುಡುಗರು ದಿನಾ ನೋಡುತ್ತಲೇ ಇರುತ್ತಾರೆ. ರೈಫಲ್ ಸಾಫ್ ಮಾಡಿ ಅನ್ನುವ ಮೊದಲು ನಿನ್ನದು ಸಾಫ್ ಆಗಿರಬೇಕು. ಮಾರ್ಚ್ ಮುಗಿಸಿ ಬಂದ ಕೂಡಲೇ ಎಲ್ಲರ ಬೂಟು, ಸಾಕ್ಸ್ ಬಿಚ್ಚಿಸಿ ಕಾಲು ನೋಡು, ಗುಳ್ಳೆ ಎದ್ದಿದೆಯಾ, ಬೆರಳ ಸಂದಿ ಒದ್ದೆ ಉಂಟಾ ಅಂತ, ಯಾಕೆಂದರೆ ಒಬ್ಬನ ಕಾಲು ಕೆಟ್ಟರೆ ಅವನ ಭಾರ ಇನ್ನೊಬ್ಬನ ಬೆನ್ನಿಗೆ ಬರುತ್ತದೆ. ಊಟಕ್ಕೆ ಎಲ್ಲರಿಗಿಂತ ಕೊನೆಗೆ ಕೂರು. ಕಷ್ಟದ ಸೆಂಟ್ರಿ ಪಾಳಿ, ರಾತ್ರಿ 2ರಿಂದ 4ರದ್ದು, ಅದನ್ನು ದೋಸ್ತಿಗಳಿಗೆ ತಪ್ಪಿಸಬೇಡ, ನೀನೂ ತಪ್ಪಿಸಿಕೊಳ್ಳಬೇಡ. ಹೀಗೆ ಸ್ವಲ್ಪ ದಿನ ನಡೆದರೆ ಸ್ವರ ಏರಿಸುವ ಅಗತ್ಯವೇ ಬರುವುದಿಲ್ಲ. ಗೆಳೆತನವೂ ಎಲ್ಲಿಗೂ ಹೋಗುವುದಿಲ್ಲ.

ಇನ್ನು ಹೋಗುವ ಮೊದಲಿನ ತಯಾರಿ. ಸೆಕ್ಷನ್ ಅಂದರೆ ಸುಮಾರು ಹತ್ತು ಜನ, ಅವರನ್ನು ಜೋಡಿ ಜೋಡಿ ಮಾಡುತ್ತೀರಿ ಅಲ್ವಾ, ಒಬ್ಬರನ್ನೊಬ್ಬರು ನೋಡಿಕೊಳ್ಳುವ ಆ ‘ಬಡ್ಡಿ’ (buddy) ಜೋಡಿಗಳನ್ನು ಯೋಚಿಸಿ ಮಾಡಿ. ಹೊಸಬನಿಗೆ ಹಳಬ. ಆಮೇಲೆ ಆ ಜೋಡಿಯನ್ನು ಸುಮ್ನೆ ಬದಲಾಯಿಸಬೇಡಿ. ರೈಫಲ್‌ನ ಮ್ಯಾಗಜಿನ್ (ಗುಂಡಿನ ಡಬ್ಬಿ) ಬದಲಾಯಿಸುವುದನ್ನು ಕತ್ತಲೆಯಲ್ಲಿ ಮಾಡಿಸು, ಕೈ ಚಳಿಗೆ ಮರಗಟ್ಟಿದಾಗ ಮಾಡಿಸು. ಫೀಲ್ಡ್ ಡ್ರೆಸ್ಸಿಂಗ್, ಅಂದರೆ ಗಾಯಕ್ಕೆ ಕಟ್ಟುವ ಪಟ್ಟಿ, ಎಲ್ಲರೂ ಒಂದೇ ಜೇಬಿನಲ್ಲಿ ಇಡಬೇಕು. ಗಾಯ ಆದವನಿಗೆ ಕಟ್ಟುವುದು ಅವನದ್ದೇ ಪಟ್ಟಿ, ಹುಡುಕುತ್ತಾ ಕೂತರೆ ರಕ್ತ ಹೋಗುತ್ತದೆ. ಗಸ್ತಿಗೆ ಹೊರಡುವ ಮೊದಲು ಪ್ರತಿಯೊಬ್ಬನನ್ನೂ ನಿಂತಲ್ಲೇ ಕುಪ್ಪಳಿಸಲು ಹೇಳು, ಏನಾದರೂ ಟಣ್ ಅಂದರೆ ಅದನ್ನು ಕಟ್ಟಿಸು. ಕೈಸನ್ನೆಗಳು ಮೈಗೆ ಹತ್ತಬೇಕು. ಮಲ್ಪೆಯ ಬೋಟಿನಲ್ಲಿ ತಂಡೇಲ (ಬೋಟಿನ ಮುಖ್ಯಸ್ಥ) ಕೈ ಎತ್ತಿದರೆ ಸಾಕು, ಕಲಾಸಿಗಳು (ಕೆಲಸದವರು) ಬಲೆಗೆ ಕೈ ಹಾಕುತ್ತಾರೆ, ಹಾಗೆ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಅಭ್ಯಾಸದ ಮಧ್ಯದಲ್ಲಿ ನಿಲ್ಲಿಸಿ ಕೇಳು: ಹವಾಲ್ದಾರ್ ಸಾಹೇಬರಿಗೆ ಗುಂಡು ಬಿತ್ತು, ನನಗೂ ಬಿತ್ತು, ಈಗ ಯಾರು? ಎಲ್ಲರಿಗಿಂತ ಚಿಕ್ಕವನ ಕೈಗೆ ಸೆಕ್ಷನ್ ಕೊಟ್ಟು ನೋಡು. ತಡವರಿಸುತ್ತಾನೆ, ತಡವರಿಸಲಿ, ಇಲ್ಲಿ ತಡವರಿಸಿದರೆ ಯಾರೂ ಸಾಯುವುದಿಲ್ಲ. 1948ರ ಫೆಬ್ರವರಿ 6ರಂದು ನೌಶೇರಾದ ತೈನ್‌ಧಾರ್‌ನಲ್ಲಿ ನಾಯಕ್ ಜಾದುನಾಥ್ ಸಿಂಗ್ ಅವರ ಪೋಸ್ಟ್‌ನಲ್ಲಿ ಇದ್ದದ್ದು ಒಂಬತ್ತೇ ಜನ. ಶತ್ರುಗಳ ಮೊದಲ ದಾಳಿಯಲ್ಲೇ ನಾಲ್ವರಿಗೆ ಗಾಯ. ಉಳಿದವರನ್ನು ಮತ್ತೆ ಜಾಗಕ್ಕೆ ಹಚ್ಚಿದರು. ಬ್ರೆನ್ ಗನ್ (ಹಗುರ ಮಷಿನ್ ಗನ್) ಹಿಡಿದವನು ಗಾಯಗೊಂಡಾಗ, ತನ್ನ ಬಲಗೈಗೆ ಪೆಟ್ಟಾಗಿದ್ದರೂ ತಾನೇ ಆ ಗನ್ ಹಿಡಿದರು. ಮೂರನೇ ದಾಳಿಗೆ ಒಬ್ಬರೇ ಸ್ಟೆನ್ ಗನ್ ಹಿಡಿದು ಮುಂದೆ ನುಗ್ಗಿ ಪ್ರಾಣ ಕೊಟ್ಟರು. ಪರಮವೀರ ಚಕ್ರ ಬಂತು. ಹುಡುಗರಿಗೆ ಇದನ್ನು ಹೇಳುವಾಗ ಕೊನೆಯ ನುಗ್ಗುವಿಕೆಯನ್ನು ಮಾತ್ರ ಹೇಳಬೇಡ. ನಾಲ್ಕು ಜನ ಬಿದ್ದ ಮೇಲೂ ಸೆಕ್ಷನ್ ಚದುರದೆ ನಿಂತಿತಲ್ಲ, ಅದನ್ನು ಹೇಳು.

ಪ್ರಶ್ನೆ: ನನ್ನ ಮಗ ಅಗ್ನಿವೀರ. ತರಬೇತಿ ಮುಗಿಸಿ ಪಲ್ಟನ್ ಸೇರಿದ್ದಾನೆ. ಕರಾವಳಿಯ ಸೆಕೆಯಲ್ಲಿ ಬೆಳೆದವನು, ಸೀದಾ ಹಿಮಕ್ಕೆ ಕಳಿಸುತ್ತಾರಾ? ನಿದ್ದೆ ಬರುವುದಿಲ್ಲ. (ಓರ್ವ ತಾಯಿ, ಬ್ರಹ್ಮಾವರ)

ಉತ್ತರ: ಅಮ್ಮಾ, ಸೀದಾ ಕಳಿಸುವುದಿಲ್ಲ. ಎತ್ತರಕ್ಕೆ ಹೋಗುವವರನ್ನು ಹಂತ ಹಂತವಾಗಿ ಹತ್ತಿಸುತ್ತಾರೆ. 9,000ದಿಂದ 12,000 ಅಡಿಯಲ್ಲಿ ಆರು ದಿನ, ಅದರಲ್ಲಿ ಮೊದಲ ಎರಡು ದಿನ ಬರೀ ವಿಶ್ರಾಂತಿ. 15,000 ಅಡಿವರೆಗೆ ಮತ್ತೆ ನಾಲ್ಕು ದಿನ, ಅದಕ್ಕಿಂತ ಮೇಲೆ ಇನ್ನೂ ನಾಲ್ಕು. ಜಮ್ಮು ಕಾಶ್ಮೀರದಲ್ಲಿ ಕೋರ್ ಬ್ಯಾಟಲ್ ಸ್ಕೂಲ್‌ಗಳಿವೆ, ಅಲ್ಲಿ ಆ ಜಾಗಕ್ಕೆ ತಕ್ಕ ತರಬೇತಿ ಕೊಟ್ಟೇ ಮುಂದೆ ಬಿಡುತ್ತಾರೆ.

ಫೋನ್ ಮಾಡಿದಾಗ ಮಗನಿಗೆ ಒಂದು ಮಾತು ಹೇಳಿ. ತಲೆನೋವು, ಕೆಮ್ಮು, ಉಸಿರು ಕಟ್ಟುವುದು, ಏನೇ ಇದ್ದರೂ ಸೆಕ್ಷನ್ ಕಮಾಂಡರಿಗೆ ತಕ್ಷಣ ತಿಳಿಸಲಿ. ಮರ್ಯಾದೆ ಹೋಗುತ್ತದೆ ಅಂತ ಹುಡುಗರು ಮುಚ್ಚಿಡುತ್ತಾರೆ. ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿದರೆ ಒಂದು ರಾತ್ರಿ ತಡವಾದರೂ ಜೀವಕ್ಕೆ ಅಪಾಯ. ತಾಯಿ ಹೇಳಿದರೆ ಕೇಳುತ್ತಾನೆ.

ಪ್ರಶ್ನೆ: ಎನ್‌ಸಿಸಿಯಲ್ಲಿ ನಮ್ಮ ಸೀನಿಯರ್ ಒಬ್ಬರು, ರಗಡಾ (ಮೈ ದಣಿಯುವಂಥ ಶಿಕ್ಷೆ) ಕೊಡದೆ ಶಿಸ್ತು ಬರುವುದಿಲ್ಲ ಅನ್ನುತ್ತಾರೆ. ಹೌದಾ? (ಕಾಲೇಜು ವಿದ್ಯಾರ್ಥಿನಿ, ಸುರತ್ಕಲ್)

ಉತ್ತರ: ಕಷ್ಟದ ತರಬೇತಿ ಬೇಕೇ ಬೇಕು ಮಗಳೇ. ಜೂನ್ ಮಳೆಯಲ್ಲಿ ನೆನೆದು ಡ್ರಿಲ್ ಮಾಡಿದರೆ ಒಳ್ಳೆಯದೇ ಆಗುತ್ತದೆ. ಆದರೆ ಬೈದು, ಎಲ್ಲರ ಮುಂದೆ ಮಾನ ಕಳೆದು ಮಾಡಿಸುವುದನ್ನು ನಾನು ಒಪ್ಪುವುದೇ ಇಲ್ಲ. ಸೀನಿಯರಿಗೆ ಹೆದರಿದವನು ತಪ್ಪನ್ನು ಮುಚ್ಚಿಡಲು ಕಲಿಯುತ್ತಾನೆ. ನೀರಿನ ಬಾಟಲಿ ಖಾಲಿ ಅಂತ ಹೇಳುವುದಿಲ್ಲ, ದಾರಿ ತಪ್ಪಿದೆ ಅಂತ ಹೇಳುವುದಿಲ್ಲ. ಗಡಿಯಲ್ಲಿ ಆ ಸುಳ್ಳಿಗೆ ಹತ್ತು ಜನ ಬೆಲೆ ಕೊಡಬೇಕಾಗುತ್ತದೆ ಮಾರಾಯ್ತಿ. ತಪ್ಪು ಮಾಡಿದವನಿಂದ ಅದೇ ಕೆಲಸವನ್ನು ಸರಿಯಾಗುವವರೆಗೆ ಮಾಡಿಸಬೇಕು, ಪಕ್ಕದಲ್ಲಿ ಸೀನಿಯರೂ ನಿಂತು ಮಾಡಬೇಕು. ನಿಮ್ಮ ಸೀನಿಯರಿಗೆ ಈ ಪುಟ ತೋರಿಸಿ.

ಪ್ರಶ್ನೆ: ಸೈನ್ಯಕ್ಕೆ ಸೇರಲು ಮಲ್ಪೆಯ ಮರಳಿನಲ್ಲಿ ದಿನಾ ಓಡುತ್ತೇನೆ. ಸಾಕಾ? (ಓದುಗರು, ಉಡುಪಿ)

ಉತ್ತರ: ಭರ್ತಿಯ ಓಟ 1.6 ಕಿಲೋಮೀಟರ್, ಅದು ಗಟ್ಟಿ ನೆಲದಲ್ಲಿ. ಹಾಗಾಗಿ ವಾರದಲ್ಲಿ ಒಂದೆರಡು ದಿನ ಮರಳು ಸಾಕು, ಉಳಿದ ದಿನ ಅಜ್ಜರಕಾಡು ಮೈದಾನದಲ್ಲಿ ಓಡಿ. ಸೇರಿದ ಮೇಲೆ ರೈಫಲ್, ಭಾರ ಎಲ್ಲ ಹೊತ್ತು 5 ಕಿಲೋಮೀಟರ್ ಓಡಬೇಕು, ಹಗ್ಗ ಹತ್ತಬೇಕು, 9 ಅಡಿ ಹಳ್ಳ ಹಾರಬೇಕು. ಈಗಲೇ ಬೆನ್ನಿಗೆ ಭಾರ ಹಾಕಿ ಓಡಬೇಡಿ, ಮೊಣಕಾಲು ಹಾಳಾಗುತ್ತದೆ. ಸಾಧ್ಯವಾದರೆ ಇನ್ನಿಬ್ಬರು ಹುಡುಗರನ್ನು ಜೊತೆಗೆ ಕರೆದುಕೊಂಡು ಹೋಗಿ, ಹಿಂದೆ ಬಿದ್ದವನನ್ನು ಬಿಟ್ಟು ಬರಬೇಡಿ.