ಗೋಡೌನ್‌ಗಿಂತ ಮೊದಲು ಮಿಲ್ಲಿನ ಲೆಕ್ಕ
ದಾವಣಗೆರೆಯಲ್ಲಿ ಸಾವಯವ ಸಿರಿಧಾನ್ಯದ ಹೋಲ್‌ಸೇಲ್ ಚೆನ್ನಾಗಿ ನಡೀತಿದೆ, ಬೆಂಗಳೂರಿಂದಲೂ ಆರ್ಡರ್ ಬರುತ್ತಿದೆ, ದೊಡ್ಡ ಗೋಡೌನ್ ಹಿಡಿಯಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ ಸರ್. ನಾನು ಹೊಸದುರ್ಗದ ಕಡೆಯಿಂದ ಸಾಮೆ ತಂದು, ಅಷ್ಟನ್ನೂ ಒಂದೇ ಸಲ ಮಿಲ್ಲಿನಲ್ಲಿ ಸಿಪ್ಪೆ ತೆಗೆಸಿ ಅಕ್ಕಿ ಮಾಡಿಸಿ ಇಟ್ಟಿದ್ದೆ. ಮಳೆಗಾಲದಲ್ಲಿ ಚೀಲ ಬಿಚ್ಚಿದರೆ ಬಲೆ ಕಟ್ಟಿದ ಹುಳ, ಜೊತೆಗೆ ಕಮಟು ವಾಸನೆ! ಸಿಪ್ಪೆ ಇದ್ದರೆ ಕಾಳು ತುಂಬಾ ದಿನ ಇರುತ್ತದೆ. ಸಿಪ್ಪೆ ತೆಗೆದ ಮೇಲೆ ತವುಡಿನ ಎಣ್ಣೆಯಂಶ ಬೇಗ ಕೆಡುತ್ತದೆ. ಆರ್ಡರ್ ಬಂದಷ್ಟೇ ಮಿಲ್ ಮಾಡಿಸಿ.

ಹೊಸ ರೈತರ ಸಾವಯವ ಸರ್ಟಿಫಿಕೇಟ್ ಕೂಡ ನೋಡಿ. ಇಂಥ ಬೆಳೆಗಳಿಗೆ ರಾಸಾಯನಿಕ ಕೃಷಿಯಿಂದ ಸಾವಯವಕ್ಕೆ ಪರಿವರ್ತನೆಯ ಅವಧಿಯೇ ಸಾಮಾನ್ಯವಾಗಿ 2 ವರ್ಷ. ಅದು ಮುಗಿಯುವವರೆಗೆ ಅವರ ಮಾಲನ್ನು ಬೇರೆಯೇ ಇಡಿ.

ಅಂದಹಾಗೆ, ಅಂಗಡಿಗಳಿಗೆ ಉದ್ರಿ ಎಷ್ಟು ದಿನ ಕೊಡುತ್ತಿದ್ದೀರಿ? ದುಡ್ಡು ಸಿಕ್ಕಿಹಾಕಿಕೊಳ್ಳೋದು ಅಲ್ಲೇ ಜಾಸ್ತಿ.